ಹನ್ನೆರಡನೆಯ ಕಲ್ಲಿನ ಹೆಸರು

ಹೋದ ತಿಂಗಳು ಮೊಮ್ಮಗಳಿಗೆ ಗಂಡು ನೋಡಲು ಕೊಹೀರಿಗೆ ಹೋಗಿದ್ದೆ. ಬಸ್ಸಿಳಿದು ರಸ್ತೆ ದಾಟುವಾಗ ತಟ್ಟಿ ಕಟ್ಟಿದ ಅಂಗಡಿಯೊಂದರಿಂದ ಸೇಂದಿಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಈಚಲ ಹೆಂಡಕ್ಕೆ ನಮ್ಮ ಕಡೆ ಸೇಂದಿ ಅನ್ನುತ್ತಾರೆ. ಬೆಳಿಗ್ಗೆ ಮರದಿಂದ ಇಳಿಸಿದಾಗ ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಮನುಷ್ಯನನ್ನು ಕೆಡವುವಷ್ಟು ಕಹಿ. ಜೊತೆಗಿದ್ದ ಮಗ, "ಯಾಕ ನಿಂತ್ರಿ ಅಪ್ಪಾ? ಎದಿ ನೋವಾತೇನು?" ಅಂದ. ಎದೆನೋವಲ್ಲ, ಸಿಟ್ಟು. ಎಂಬತ್ತು ದಾಟಿದವನಿಗೆ ಸಿಟ್ಟು ಶೋಭಿಸುವುದಿಲ್ಲ ಎಂದು ಸೊಸೆ ದಿನಾ ಹೇಳುತ್ತಾಳೆ. ಆದರೆ ಐವತ್ತು ವರ್ಷಕ್ಕೂ ಹಿಂದಿನ ಒಂದು ಚಳಿಗಾಲದ ಮೇಲೆ ಬಂದ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಅದರಲ್ಲಿ ಮೂರನೇ ಒಂದು ಪಾಲು ನನ್ನ ಮೇಲೆಯೇ ಇದೆ.

ಆಗ ನಿಜಾಮರ ರಾಜ್ಯ. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು, ಸಂತೆಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಮಾತ್ರ ಕನ್ನಡ. ನಾನು ನಾರಾಯಣಖೇಡದ ಲಿಂಗವಂತರ ಮನೆಯ ಹುಡುಗ. ಮಠದಲ್ಲಿ ಕೂತು ಕನ್ನಡ, ಸಂಸ್ಕೃತ ಕಲಿತಿದ್ದೆ. ಆ ವಿದ್ಯೆಗೆ ಸರ್ಕಾರದಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಝಹೀರಾಬಾದಿಗೆ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ಮಿಷನ್ ಬಂಗಲೆಯಿತ್ತು. ಅಲ್ಲಿನ ಬಿಳಿಯ ಪಾದ್ರಿ ಸಾಹೇಬರಿಗೆ ಕನ್ನಡ ತಿದ್ದಿಕೊಡಲು ಒಬ್ಬ ಮುನ್ಶಿ ಬೇಕಾಗಿದ್ದ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಆ ಮುನ್ಶಿಯಾದೆ.

ಪಾದ್ರಿ ಸಾಹೇಬರು ಓದಿದವರು. ಬೈಬಲಿನ ಕೊನೆಯ ಪುಸ್ತಕದ ಹಳೆಯ ಕನ್ನಡ ಅನುವಾದ ಅವರಿಗೆ ಒಪ್ಪಿಗೆಯಿರಲಿಲ್ಲ. ಮೂಲ ಗ್ರೀಕನ್ನು ಎದುರಿಗಿಟ್ಟುಕೊಂಡು ಪದ ಪದವಾಗಿ ಹೊಸದಾಗಿ ಬರೆಯುತ್ತಿದ್ದರು. ಅವರು ಅರ್ಥ ಹೇಳಬೇಕು, ನಾನು ಕನ್ನಡದ ಮಾತು ಹುಡುಕಿ ಕೊಡಬೇಕು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಬಂಗಲೆಯ ಪಡಸಾಲೆಯಲ್ಲಿ ಇದೇ ಕೆಲಸ. ನನಗೆ ಅದು ಹಬ್ಬವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅದೇ ಪಡಸಾಲೆಯ ಮೆಟ್ಟಿಲ ಮೇಲೆ ಮಾರ್ತಮ್ಮನವರು ಕೂತಿರುತ್ತಿದ್ದರು. ಈಗ ಬರೆಯುವಾಗ 'ಅವರು' ಎನ್ನುತ್ತೇನೆ. ಆಗ 'ಏ ಮಾರ್ತಿ' ಎನ್ನುತ್ತಿದ್ದೆ. ಊರ ಹೊರಗಿನ ಕೇರಿಯ ಹೆಂಗಸು, ನಲವತ್ತರ ಹತ್ತಿರದ ವಯಸ್ಸು. ಕೇರಿಯ ಹೆಂಗಸರಿಗೆ ಶಾಸ್ತ್ರ ಓದಿ ಹೇಳುವುದಕ್ಕೆ ಮಿಷನ್ನಿನಿಂದ ತಿಂಗಳ ಸಂಬಳ ಪಡೆಯುತ್ತಿದ್ದರು. ಗಂಡ ಸತ್ತು ಆರು ವರ್ಷವಾಗಿತ್ತು. ಸತ್ತದ್ದು ಹೀಗೆ: ಆ ಊರ ಜಮೀನ್ದಾರನಾದ ದೇಶಮುಖನ ಹೊಲದಲ್ಲಿ ಜೋಳ ಕೊಯ್ಯುವವರಿಗೆ ಸಂಜೆ ಕೂಲಿಯ ಅರ್ಧ ಜೋಳ, ಅರ್ಧ ಸೇಂದಿ. ಸುತ್ತಲಿನ ಇಪ್ಪತ್ತು ಹಳ್ಳಿಯ ಸೇಂದಿ ಗುತ್ತಿಗೆ ದೇಶಮುಖನದೇ. ಮರ ಅವನದು, ಗಡಿಗೆ ಅವನದು, ಕೂಲಿಯೂ ಅವನೇ ಕೊಡಬೇಕು. ಹಾಗಾಗಿ ಕೂಲಿ ಗಡಿಗೆಯಲ್ಲೇ ಬರುತ್ತಿತ್ತು. ಕುಡಿದ ಮೇಲೆ ಕತ್ತಲಾಗುವವರೆಗೆ ತೆನೆ ಹೇರುವ ಬಿಟ್ಟಿ ಕೆಲಸ. ಮಾರ್ತಮ್ಮನವರ ಗಂಡ ಹೇರಿದ ಗಾಡಿಯ ಮೇಲಿಂದ ಜಾರಿ ಅದರ ಗಾಲಿಗೇ ಸಿಕ್ಕರು. ದೇಶಮುಖ ಮರುದಿನ ಕೇರಿಗೆ ಎರಡು ಗಡಿಗೆ ಹೆಚ್ಚಿಗೆ ಕಳಿಸಿದ. ದುಃಖಕ್ಕೆ ಅಂತೆ!

ದೀಪಾವಳಿ ಕಳೆದ ಮೇಲೆ ನಾವು ಆ ಪುಸ್ತಕದ ಕೊನೆಗೆ, ದೇವರ ಪಟ್ಟಣದ ವರ್ಣನೆಗೆ ಬಂದೆವು. ಆ ಪಟ್ಟಣದ ಗೋಡೆಗೆ ಹನ್ನೆರಡು ಬುನಾದಿ, ಒಂದೊಂದು ಬುನಾದಿಗೆ ಒಂದೊಂದು ರತ್ನ. ಹನ್ನೊಂದಕ್ಕೆ ಹೇಗೋ ಹೆಸರು ಹೊಂದಿಸಿದೆವು. ಹನ್ನೆರಡನೆಯದಕ್ಕೆ ನಿಂತೆವು. ಗ್ರೀಕಿನಲ್ಲಿ ಅದು 'ಅಮೆಥುಸ್ತೋಸ್'.

"ಹಾಗೆಂದರೆ ಏನು ಸಾಹೇಬರೆ?" ಎಂದು ಕೇಳಿದೆ.

"ಬಣ್ಣದಲ್ಲಿ ನೇರಳೆ. ಆದರೆ ಹೆಸರಿನ ಅರ್ಥ ಸ್ವಾರಸ್ಯವಾಗಿದೆ, ಮುನ್ಶಿ. 'ಮೆಥು' ಎಂದರೆ ದ್ರಾಕ್ಷಿಯ ಮದ್ಯ. ಮುಂದೆ ಇರುವ 'ಅ' ಎಂದರೆ ಇಲ್ಲ. ಅಮಲೇರದ್ದು, ಅಮಲೇರಿಸದ್ದು. ಈ ಕಲ್ಲನ್ನು ಧರಿಸಿದವನಿಗೆ, ಇದರ ಬಟ್ಟಲಲ್ಲಿ ಕುಡಿದವನಿಗೆ ನಶೆ ಏರುವುದಿಲ್ಲವೆಂದು ಹಿಂದಿನ ಗ್ರೀಕರು ನಂಬಿದ್ದರು. ಯೆಹೂದ್ಯರ ಮಹಾಯಾಜಕನ ಎದೆಯ ಮೇಲಿನ ಹನ್ನೆರಡು ಕಲ್ಲುಗಳಲ್ಲಿಯೂ ಇದು ಇತ್ತು."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಸಾಹೇಬರೆ, ಮೆಥು ಅಂದ್ರ ನಮ್ಮ ಮಧುನೇ ಆತಲ್ರಿ! ಇಲ್ಲ ಅನ್ನಾಕ ನಾವೂ 'ಅ' ಹಚ್ತೀವಿ!"

"ಸರಿಯಾಗಿ ಹಿಡಿದಿರಿ. ಎರಡಕ್ಕೂ ಮೂಲ ಒಂದೇ," ಎಂದು ಸಾಹೇಬರು ನಕ್ಕರು. ಮದವೇರಿಸದ ಮಣಿ, ಅಮದಮಣಿ ಎಂಬ ಹೆಸರು ಅಲ್ಲೇ ನನ್ನ ಬಾಯಿಗೆ ಬಂತು. ಅವರು ಅದನ್ನು ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಅಂಥ ಬೆಳಗನ್ನು ನಾನು ಬದುಕಿನಲ್ಲಿ ಹೆಚ್ಚು ಕಂಡಿಲ್ಲ.

ಮೆಟ್ಟಿಲ ಮೇಲಿದ್ದ ಮಾರ್ತಮ್ಮನವರು ಹೊಲಿಯುತ್ತಿದ್ದ ಕೌದಿಯನ್ನು ತೊಡೆಯ ಮೇಲೆ ಇಟ್ಟರು. "ಸಾಹೇಬರೆ, ಇನ್ನೊಮ್ಮೆ ಹೇಳ್ರಿ. ದೇವರ ಪಟ್ಣದ ಬುನಾದಿ ಕಲ್ಲಿಗಿ 'ಕುಡಿದಿಲ್ಲ' ಅಂತ ಹೆಸರು ಅದ ಏನ್ರಿ?"

"ಹೌದು ಮಾರ್ತಮ್ಮ. ಹಾಗೂ ಹೇಳಬಹುದು," ಅಂದರು ಸಾಹೇಬರು. ಈ ಮಾತನ್ನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ.

ಆ ವಾರ ಸಾಹೇಬರ ಕೆಲಸಕ್ಕಾಗಿ ತಾಂಡೂರಿಗೆ ಹೋದಾಗ, ಸ್ಟೇಷನ್ ರಸ್ತೆಯಲ್ಲಿ ಉಂಗುರಕ್ಕೆ ಹರಳು ಕೂಡಿಸುತ್ತಿದ್ದ ಮುದುಕ ಸಾಬರ ಹತ್ತಿರ ಆ ಕಲ್ಲು ಸಿಕ್ಕಿತು. ಅವರು ಅದನ್ನು ಜಮುನಿಯಾ ಅನ್ನುತ್ತಿದ್ದರು. ಕಡಲೆಕಾಳಿನಷ್ಟು ದೊಡ್ಡದು, ಅಗ್ಗದ್ದು, ಒಂದು ಮೂಲೆ ಒಡೆದದ್ದು. ತಂದು ಸಾಹೇಬರಿಗೆ ತೋರಿಸಿದೆ. ಮಾರ್ತಮ್ಮನವರು ಕೇರಿಯವರಿಗೆ ತೋರಿಸಿ ತರುತ್ತೇನೆ, ಕೊಡಿ ಅಂದರು. ಕೊಟ್ಟೆ. ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ, ಅವರು ಎತ್ತಿಕೊಂಡರು. ಆ ಕಾಲ ಹಾಗಿತ್ತು ಎಂದು ಹೇಳಿ ಜಾರಿಕೊಳ್ಳುವ ಮನಸ್ಸಿಲ್ಲ. ನಾನು ಹಾಗಿದ್ದೆ.

ಕೇರಿಯ ಹೆಂಗಸರು ಆ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ, ಬಿಸಿಲಿಗೆ ಹಿಡಿದು ನೋಡಿದರಂತೆ. "ಬದ್ನಿಕಾಯಿ ಬಣ್ಣ ಅದ" ಅಂದರಂತೆ. ಮಾರ್ತಮ್ಮನವರು ಅವರಿಗೆ ಹೇಳಿದ್ದು ಇಷ್ಟೇ: "ಗ್ವಾಡಿ ಎತ್ತರ ಇರ್ತದ, ಮಂದಿಗಿ ಕಾಣ್ತದ. ಬುನಾದಿ ಮಣ್ಣಾಗ ಇರ್ತದ, ಕಾಣಂಗಿಲ್ಲ. ದೇವರು ಕುಡಿಯದ ಕಲ್ಲು ಬುನಾದಿಗಿ ಇಟ್ಟಾನ. ನಮ್ಮನಿ ಬುನಾದಿಗಿ ಆ ದೇಶಮುಖ ಏನ್ ಇಟ್ಟಾನ, ನೋಡ್ರಿ." ಹೆಂಗಸರು ಎದ್ದು ಮನೆಗೆ ಹೋದರು. ಗಂಡಂದಿರಿಗೆ ಬೈದರು, ಬೇಡಿಕೊಂಡರು. ಇಬ್ಬರು ಗಂಡನ ಕೈಯಲ್ಲಿ ಹೊಡೆತ ತಿಂದರು. ಕ್ರಿಸ್ಮಸ್ಸಿನ ಹೊತ್ತಿಗೆ ಆ ಕೇರಿಯ ಮೂವತ್ತು ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಯ ಗಂಡಸರು ಗಡಿಗೆ ಮುಟ್ಟುವುದನ್ನು ಬಿಟ್ಟಿದ್ದರು. ಪಾದ್ರಿ ಸಾಹೇಬರು ಹಬ್ಬದ ಉಪದೇಶದಲ್ಲಿ ಇದನ್ನು ದೇವರ ಮಹಿಮೆ ಎಂದು ಕೊಂಡಾಡಿದರು. ಕುಡಿತ ಪಾಪವೆಂದು ಅವರು ಯಾವಾಗಲೂ ಸಾರುತ್ತಿದ್ದವರೇ.

ಸುಗ್ಗಿ ಬಂತು. ಬಿಳಿಜೋಳ ತಲೆದೂಗಿ ನಿಂತಿತ್ತು. ಮೊದಲ ದಿನ ಸಂಜೆ ದೇಶಮುಖನ ಆಳು ಗಡಿಗೆ ಇಳಿಸಿದಾಗ ಕೇರಿಯವರು, "ಸೇಂದಿ ಬ್ಯಾಡ್ರಿ, ಪೂರಾ ಜ್ವಾಳ ಕೊಡ್ರಿ" ಅಂದರು. ಆಳು ನಕ್ಕ. ಮರುದಿನ ಹೊಲಕ್ಕೆ ಯಾರೂ ಬರಲಿಲ್ಲ. ದೇಶಮುಖ ಕುದುರೆ ಹತ್ತಿ ಕೇರಿಯ ಬಾಯಿಗೆ ಬಂದು ಬೈದ. ಇಬ್ಬರನ್ನು ಚಾವಡಿಗೆ ಎಳೆಸಿ ಕೋಲಿನಿಂದ ಹೊಡೆಸಿದ. ಆದರೂ ಬರಲಿಲ್ಲ. ಬೇರೆ ಊರಿನಿಂದ ಆಳು ತರಿಸೋಣವೆಂದರೆ ಎಲ್ಲೆಲ್ಲೂ ಸುಗ್ಗಿ. ಹತ್ತು ದಿನ ತೆನೆ ಹಾಗೇ ನಿಂತಿತು. ಗಿಳಿ, ಗುಬ್ಬಿ, ಬೆಳವಕ್ಕಿ ಹಿಂಡುಹಿಂಡಾಗಿ ಇಳಿದವು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬಾಯಿಬಿಟ್ಟು ಯಾರೂ ನಗುವಂತಿರಲಿಲ್ಲ.

ಹನ್ನೊಂದನೆಯ ದಿನ ದೇಶಮುಖ ಬಂಗಲೆಗೆ ಬಂದ. ನಾನು ಪಡಸಾಲೆಯಲ್ಲೇ ಇದ್ದೆ. ಕುರ್ಚಿಯಲ್ಲಿ ಕೂತು, ಸಾಹೇಬರು ಕೊಟ್ಟ ಚಹಾ ಕುಡಿದು, ಬಹಳ ಮೆತ್ತಗೆ ಮಾತಾಡಿದ.

"ಪಾದ್ರಿ ಸಾಬ್, ಜ್ವಾಳ ಕೊಡ್ತೀನಿ. ಜ್ವಾಳ ದೊಡ್ಡ ಮಾತಲ್ಲ. ಆದ್ರ ಆ ಹೆಣ್ಮಗಳು ಇದು ದೇವರ ಕಿತಾಬದಾಗ ಅದ ಅಂತ ಹೇಳ್ಕೋತ ಹೊಂಟಾಳ. ಈ ಮಾತು ನಾಳೆ ಇಪ್ಪತ್ತು ಹಳ್ಳಿಗಿ ಹೋಗ್ತದ. ಆಕಿ ಸುಳ್ಳು ಹೇಳ್ಯಾಳ ಅಂತ ನಿಮ್ಮ ಗುಡಿಯಾಗ, ಎಲ್ಲಾರ ಮುಂದ ನೀವು ಹೇಳ್ರಿ. ಆಕಿ ತಪ್ಪು ಒಪ್ಪಲಿಲ್ಲಂದ್ರ ಊರು ಬಿಡ್ಲಿ. ದವಾಖಾನಿ ಜಮೀನಿನ ಕಾಗದ ಮರುದಿನಾನೇ ನಿಮ್ಮ ಕೈಯಾಗ."

ಮಿಷನ್ನಿನವರು ದವಾಖಾನೆ ಕಟ್ಟಲು ಅವನ ಜಮೀನಿಗಾಗಿ ಮೂರು ವರ್ಷದಿಂದ ಕಾಯುತ್ತಿದ್ದರು. ಅವನು ಹೋದ ಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. "ಹೋದ ಮಳೆಗಾಲದ ಕಾಲರಾದಲ್ಲಿ ನಾವು ಎಷ್ಟು ಮಕ್ಕಳನ್ನು ಹೂಳಿದೆವು, ನೀವು ನೋಡಿದ್ದೀರಿ, ಮುನ್ಶಿ. ಒಂದು ಶಬ್ದಕ್ಕಾಗಿ ಆ ದವಾಖಾನೆಯನ್ನು ಕಳೆದುಕೊಳ್ಳಲೇ?" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನಾನು ನಂಬಿದೆ. ಇವತ್ತಿಗೂ ನಂಬುತ್ತೇನೆ. ಆದರೆ ಕಣ್ಣೀರು ಹಾಕಿ ಮಾಡಿದ ಅನ್ಯಾಯ ಕಡಿಮೆ ಅನ್ಯಾಯವಾಗುತ್ತದೆಯೇ?

ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಯಾರೂ ಏಳಬಾರದೆಂದು ಸಾಹೇಬರು ಹೇಳಿದರು. ಕೇರಿಯವರೆಲ್ಲ ನೆಲದ ಮೇಲೆ ಕೂತಿದ್ದರು. ದೇಶಮುಖನ ಕಾರಭಾರಿ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಮುಂದೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಮೇಜಿನ ಮೇಲೆ ಗ್ರೀಕ್ ಪುಸ್ತಕ, ಅದರ ಪಕ್ಕದಲ್ಲಿ ಮಾರ್ತಮ್ಮನವರಿಂದ ಮರಳಿ ಪಡೆದ ಆ ಕಲ್ಲು.

"ಮಾರ್ತಮ್ಮ ದೇವರ ವಾಕ್ಯವನ್ನು ತಪ್ಪಾಗಿ ತಿಳಿಸಿದ್ದಾಳೆ. ಹನ್ನೆರಡನೆಯ ರತ್ನ ಬರೀ ನೇರಳೆ ಬಣ್ಣದ ಒಂದು ಕಲ್ಲು. ಅದರ ಹೆಸರಿನಲ್ಲಿ ಕುಡಿತದ ಬಗ್ಗೆ ಯಾವ ಆಜ್ಞೆಯೂ ಇಲ್ಲ," ಎಂದು ಸಾಹೇಬರು ಹೇಳಿದರು.

ಮಾರ್ತಮ್ಮನವರು ಎದ್ದು ನಿಂತರು. "ಸಾಹೇಬರೆ, ಆ ಮಾತು ನೀವೇ ಹೇಳಿದ್ರಿ. ನನಗ ಗ್ರೀಕ ಓದಾಕ ಬರ್ತದೇನ್ರಿ? ನೀವು ಹೇಳಿದ್ರಿ, ಮುನ್ಶಿಯವರು ಕೇಳಿ ಖುಷಿಯಾಗಿ ಎದ್ದು ನಿಂತ್ರು. ಅವ್ರಿಗೇ ಕೇಳ್ರಿ."

ಸಾಹೇಬರು ನನ್ನತ್ತ ನೋಡಿದರು. ಕಾರಭಾರಿಯೂ ನೋಡಿದ. ಕೇರಿಯ ಅಷ್ಟೂ ಜನ ನೋಡಿದರು. ನನ್ನ ತಂದೆ ದೇಶಮುಖನ ತಮ್ಮನ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಮನೆಯಲ್ಲಿ ನನ್ನ ಹೆಂಡತಿಗೆ ಏಳು ತಿಂಗಳು. ಇವು ಕಾರಣಗಳು. ಕಾರಣಗಳಿಲ್ಲದ ಹೇಡಿ ಯಾವ ಊರಲ್ಲೂ ಇಲ್ಲ.

ನಾನು ಸುಳ್ಳು ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಗಂಟಲು ಸರಿ ಮಾಡಿಕೊಂಡು, ಮಠದ ಗುರುಗಳ ಧಾಟಿಯಲ್ಲಿ, "ಶಬ್ದದ ಧಾತು ಬೇರೆ, ಶಬ್ದದ ಅರ್ಥ ಬೇರೆ. ಸಾಹೇಬರು ಅವತ್ತು ಹೇಳಿದ್ದು ಧಾತು. ಅರ್ಥ ಬರೀ ಕಲ್ಲು," ಎಂದೆ. ವ್ಯಾಕರಣದಲ್ಲಿ ಇದು ನೂರಕ್ಕೆ ನೂರು ಸರಿ. ಕಾರಭಾರಿ ತಲೆದೂಗಿದ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಶರಣರ ಮಾತು ಬಾಯಿಪಾಠ ಮಾಡಿದ್ದ ನಾಲಿಗೆ ಅದು; ನಿಜವಾದ ಮಾತಿನಿಂದಲೇ ಒಬ್ಬ ಹೆಂಗಸಿನ ಕುತ್ತಿಗೆ ಹಿಸುಕಿತು.

ಮಾರ್ತಮ್ಮನವರು ನನ್ನನ್ನು ನೋಡಿದರು. ಧ್ವನಿ ಏರಿಸಲಿಲ್ಲ.

"ಧಾತು ಬ್ಯಾರೆ, ಅರ್ಥ ಬ್ಯಾರೆ ಆದ್ರ, ನನ್ ಗಂಡ ಸತ್ತದ್ದು ಯಾವುದ್ರಿಂದ್ರಿ ಮುನ್ಶಿಯವರೆ? ಧಾತುದಿಂದನೋ, ಅರ್ಥದಿಂದನೋ?"

ತಪ್ಪಾಯಿತೆಂದು ಒಂದು ಮಾತು ಹೇಳು, ಕೆಲಸ ಉಳಿಯುತ್ತದೆ ಎಂದು ಸಾಹೇಬರು ಅವರಿಗೆ ಹೇಳಿದರು. ಅವರು ಹೇಳಲಿಲ್ಲ. ಕೇರಿಯ ಗಂಡಸರು ಗದ್ದಲವೆಬ್ಬಿಸಿ, ಹೊಲಕ್ಕೆ ಇನ್ನು ಕಾಲಿಡುವುದಿಲ್ಲ ಎಂದು ಕೂಗಿದರು. ಅವರನ್ನು ಸುಮ್ಮನಾಗಿಸಿದ್ದೂ ಮಾರ್ತಮ್ಮನವರೇ. "ಜ್ವಾಳ ಕೊಡ್ತೀನಿ ಅಂದಾನ, ತಗೋರಿ. ಸೇಂದಿ ಮಾತ್ರ ಮುಟ್ಟಬ್ಯಾಡ್ರಿ. ನಾ ಎಲ್ಲಿ ಹೋದ್ರೂ ದುಡಕೊಂಡು ತಿಂತೀನಿ," ಅಂದರು. ಮರುದಿನ ಬೆಳಿಗ್ಗೆ ಒಂದು ಗಂಟು ಹೊತ್ತು ತಾಂಡೂರಿನ ಕಡೆ ನಡೆದುಹೋದರು. ಅದೇ ಸಂಜೆ ಕೇರಿಯವರಿಗೆ ಪೂರಾ ಕೂಲಿ ಜೋಳದಲ್ಲಿ ಬಂತು. ಅದೇ ವಾರ ದವಾಖಾನೆಯ ಜಮೀನಿನ ಕಾಗದ ಬಂತು.

ನಾನು ಇನ್ನೂ ನಾಲ್ಕು ತಿಂಗಳು ಆ ಬಂಗಲೆಯಲ್ಲಿ ಸಂಬಳ ಎಣಿಸಿದೆ. ಇದನ್ನು ಮುಚ್ಚಿಡಬಾರದು. ಕೆಲಸ ಬಿಟ್ಟದ್ದು, ಸಾಹೇಬರು ಅನುವಾದದ ಸ್ವಚ್ಛ ಪ್ರತಿ ತೆಗೆಯಲು ಕೊಟ್ಟ ದಿನ. ಹನ್ನೆರಡನೆಯ ಕಲ್ಲಿನ ಜಾಗದಲ್ಲಿ ಅಮದಮಣಿಯನ್ನು ಹೊಡೆದುಹಾಕಿ ಹಳೆಯ ಅನುವಾದದ ಹೆಸರನ್ನೇ ಬರೆದಿದ್ದರು. ನನ್ನ ಶಬ್ದ ಅಳಿಸಿದ್ದಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. ಮಸಿಕುಡಿಕೆ ಎತ್ತಿ ಅಂಗಳಕ್ಕೆ ಎಸೆದೆ. "ಯಾವ ದೇವರಿಗಿ ಅಂಜಿ ಇದನ್ನ ಅಳಿಸಿದ್ರಿ, ಯಾವ ದೇಶಮುಖಗ ಅಂಜಿ?" ಎಂದು ಕೂಗಿದೆ. ಹೊರಗೆ ಬಂದು ಅರ್ಧ ದಾರಿ ನಡೆದ ಮೇಲೆ ನಾಚಿಕೆ ಹತ್ತಿತು. ಒಬ್ಬ ಹೆಂಗಸನ್ನು ಊರಿನಿಂದ ಅಟ್ಟಿದಾಗ ಬಾರದ ಕೂಗು, ನನ್ನ ಒಂದು ಶಬ್ದ ಹೋದಾಗ ಬಂದಿತ್ತು.

ಕಲ್ಹೇರಿನ ಒಬ್ಬ ಸಾಹುಕಾರರ ಮಕ್ಕಳಿಗೆ ಪಾಠ ಹೇಳುತ್ತ ಹೊಟ್ಟೆ ಹೊರೆದೆ. ಮುಂದಿನ ವರ್ಷ ಸುಗ್ಗಿಗೆ ಮುಂಚೆ ತಾಂಡೂರಿಗೆ ಹೋಗಿ ಹುಡುಕಿದೆ. ಊರಾಚೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಮಾರ್ತಮ್ಮನವರು ಬುಟ್ಟಿಯಲ್ಲಿ ಚಕ್ಕೆ ಹೊರುತ್ತಿದ್ದರು. ಕೈಗಳು ಬಿರುಕು ಬಿಟ್ಟಿದ್ದವು, ಕೂದಲ ತುಂಬ ಬಿಳಿ ಧೂಳು. ನನ್ನನ್ನು ನೋಡಿ ಬುಟ್ಟಿ ಇಳಿಸಲಿಲ್ಲ.

"ಮಾರ್ತಮ್ಮಾರ್ರೆ, ನನ್ನಿಂದ ತಪ್ಪಾಗ್ಯಾದ್ರಿ. ಕ್ಷಮಾ ಮಾಡ್ರಿ," ಅಂದೆ. ನಾನು ಅವರಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

"ನನಗ ಒಬ್ಬಾಕಿಗಿ ಹೇಳಿದ್ರ ಏನಾತ್ರಿ? ಇಲ್ಲಿ ನಿಮ್ಮನ್ನ ಯಾರು ನೋಡಾಕತ್ಯಾರ? ಅವತ್ತು ಯಾರ ಮುಂದ ಆ ಮಾತು ಅಂದ್ರಿ, ಅವ್ರ ಮುಂದ ಹೋಗಿ ಇದನ್ನ ಅನ್ರಿ," ಎಂದು ಹೇಳಿ ಬುಟ್ಟಿ ಹೊತ್ತು ಮುಂದೆ ಹೋದರು.

ಹದಿನೈದು ದಿನ ಮನಸ್ಸಿನಲ್ಲಿ ಹಗ್ಗ ಜಗ್ಗಾಡಿದೆ. ತಂದೆಯವರಿಗೆ ತಿಳಿಸಿದಾಗ, "ಕೇರಿಗಿ ಹೋದ್ರ ತಿರುಗಿ ಈ ಹೊಸ್ತಿಲು ತುಳೀಬ್ಯಾಡ" ಅಂದರು. ಆದರೂ ಹೋದೆ. ಹಾಡುಹಗಲು, ಎಲ್ಲರೂ ನೋಡುವಂತೆ ಊರ ನಡುವಿನ ದಾರಿಯಲ್ಲೇ ನಡೆದೆ. ಕೇರಿಯ ಮುಂದೆ ಅವರದೇ ಸಣ್ಣ ಕಣವಿತ್ತು. ಕೂಲಿಗೆ ಬಂದ ತೆನೆ ಬಡಿದು ಹೆಂಗಸರು ಜೋಳ ತೂರುತ್ತಿದ್ದರು. ನಾನು ಕಣದ ನಡುವೆ ಹೋಗಿ ನಿಂತೆ. ತೂರುವುದು ನಿಂತಿತು.

"ಅವತ್ತು ಗುಡಿಯಾಗ ನಾ ಹೇಳಿದ್ದು ಮೋಸದ ಮಾತು. ಮಾರ್ತಮ್ಮ ಹೇಳಿದ್ದೇ ಖರೆ. ಸಾಹೇಬರು ಆ ಅರ್ಥಾನೇ ಹೇಳಿದ್ರು. ಕೇಳಿದಾಂವ ನಾನು. ಅಂಜಿ ಹೇಳಲಿಲ್ಲ." ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದಿದ್ದ ದೊಡ್ಡ ಭಾಷಣ ಇಷ್ಟಕ್ಕೇ ಮುಗಿದುಹೋಯಿತು.

ಮೊರ ಹಿಡಿದಿದ್ದ ಒಬ್ಬ ಮುದುಕಿ, ಮಾರ್ತಮ್ಮನವರ ಅತ್ತೆ, ಬಾಯಿ ತೆರೆದಳು.

"ಅದು ನಮಗ ಅವತ್ತೇ ಗೊತ್ತಿತ್ತು ಮುನ್ಶಿಯವರೆ. ಗೊತ್ತಿದ್ದೇ ಕುಡಿಯದು ಬಿಟ್ಟೀವಿ. ನೀವು ಬಂದು ಹೇಳ್ತೀರಿ ಅಂತ ಕುಂತಿಲ್ಲ."

ನಾನು ನಿಂತೇ ಇದ್ದೆ. ಯಾಕೆ ನಿಂತಿದ್ದೆನೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮನೆ ಬಿಟ್ಟು ಬಂದವನಿಗೆ ಯಾರಾದರೂ ಕೂಡ್ರಿ ಅನ್ನುತ್ತಾರೆ, ಒಂದು ಗುಟುಕು ನೀರು ಬೇಕೇ ಎಂದು ಕೇಳುತ್ತಾರೆ ಎಂದು ಕಾದಿದ್ದೆನೇನೋ. ಯಾರೂ ಕೇಳಲಿಲ್ಲ. ಮುದುಕಿ ನನ್ನ ಕಾಲ ಕಡೆ ನೋಡಿದಳು.

"ಚಪ್ಪಲಿ ಹಾಕ್ಕೊಂಡು ಕಣದಾಗ ನಿಂತೀರಿ. ಹಿಂದ ಸರೀರಿ. ಗಾಳಿ ಬಿಟ್ಟದ, ನಮಗ ಜ್ವಾಳ ತೂರಬೇಕು."

ನಾನು ಬಗ್ಗಿ ಚಪ್ಪಲಿ ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು, ಕೇರಿಯ ದಾರಿಯಲ್ಲಿ ಬರಿಗಾಲಲ್ಲಿ ಹಿಂದಕ್ಕೆ ನಡೆದೆ.